ಐವತ್ತು ತುಂಬದ ಮೂಟೆ

ಸೆಪ್ಟೆಂಬರ್ 2, ಮಂಗಳವಾರ

ಇವತ್ತಿನಿಂದ ಎರಡು ನೋಟ್‌ಬುಕ್. ಒಂದು ಆಸ್ಪತ್ರೆಗೆ, ಒಂದು ನನಗೆ. ಆಸ್ಪತ್ರೆಯದರಲ್ಲಿ ಏನು ತಿಂದೆ, ಎಷ್ಟು ನೀರು ಕುಡಿದೆ, ತೂಕ ಎಷ್ಟು ಎಂದು ದಿನಾ ಬರೆಯಬೇಕಂತೆ. ರೋಗಿಗಳ ಊಟದ ವಿಚಾರ ನೋಡಿಕೊಳ್ಳುವ ತೇಜಸ್ವಿನಿ ಎಂಬ ಹುಡುಗಿಯ ಅಪ್ಪಣೆ. ನನ್ನ ಮಗಳಿಗಿಂತ ಚಿಕ್ಕವಳು. "ಸುಳ್ಳು ಬರೀಬೇಡಿ ಅಂಕಲ್, ಬ್ಲಡ್ ರಿಪೋರ್ಟ್ ನೋಡಿದ್ರೆ ನಂಗೆ ಎಲ್ಲಾ ಗೊತ್ತಾಗತ್ತೆ" ಎಂದಳು. ಮೂವತ್ತೊಂದು ವರ್ಷ ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮೂಟೆಗಳ ತೂಕ ಹಾಕಿದವನು ನಾನು. ಸುಳ್ಳು ತೂಕ ಬರೆಸುವವನ ಮುಖ ಹೇಗಿರುತ್ತದೆಂದು ಅವಳು ನನಗೆ ಕಲಿಸಬೇಕಾಗಿಲ್ಲ.

ಡಯಾಲಿಸಿಸ್ ಶುರುವಾಗಿ ಎಂಟು ತಿಂಗಳಾಯಿತು. ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ನಮ್ಮ ಬಡಾವಣೆ ಸಿಂಗಾಪುರದಿಂದ ಯಲಹಂಕದ ಆಸ್ಪತ್ರೆಗೆ ಆಟೋ, ಅಲ್ಲಿ ಎಡಗೈಗೆ ಎರಡು ಸೂಜಿ, ನಾಲ್ಕು ಗಂಟೆ ಮಲಗುವುದು, ಮತ್ತೆ ಆಟೋ. ನನ್ನ ಕಿಡ್ನಿಗಳು ಬಿಟ್ಟ ಕೆಲಸವನ್ನು ಯಂತ್ರ ಮಾಡುತ್ತದೆ. ಹೋದ ಕೂಡಲೇ ಒಂದು ತೂಕ, ಬರುವ ಮುಂಚೆ ಒಂದು ತೂಕ. ಮೊದಲನೆಯದು ಲೆಕ್ಕಕ್ಕಿಲ್ಲ, ಅದು ಹಸಿ ಮೂಟೆ. ಮೈಯಲ್ಲಿ ನಿಂತ ನೀರೂ ಅದರಲ್ಲಿ ಸೇರಿರುತ್ತದೆ. ಯಂತ್ರ ನೀರು ಎಳೆದ ಮೇಲೆ ಉಳಿದದ್ದೇ ಮಾಲು. ಇವತ್ತು ಮಾಲು 54.6. ಹೋದ ವರ್ಷ ಎಪ್ಪತ್ತೊಂದು ಇದ್ದೆ.

ಈ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಮಾತು ಬರೆದಿಡಬೇಕು. ಯಾರ್ಡಿನಲ್ಲಿ ಐವತ್ತು ಕೆಜಿ ತುಂಬದ ಮೂಟೆಯನ್ನು ಸಾಲಿಗೆ ಸೇರಿಸುತ್ತಿರಲಿಲ್ಲ, ಎತ್ತಿ ಪಕ್ಕಕ್ಕೆ ಇಡುತ್ತಿದ್ದೆವು. ನನಗೂ ಅದೇ ನಿಯಮ. ಮಾಲು ಐವತ್ತಕ್ಕಿಂತ ಕೆಳಗೆ ಇಳಿದ ದಿನ ನಾನು ಡಯಾಲಿಸಿಸ್ ನಿಲ್ಲಿಸಿಬಿಡುತ್ತೇನೆ. ನಿಲ್ಲಿಸಿದರೆ ಎಷ್ಟು ದಿನ ಎಂದು ಪಕ್ಕದ ಹಾಸಿಗೆಯವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಹತ್ತು ಹದಿನೈದು ದಿನ. ಸಾಕು ಅನ್ನಿಸಿಬಿಟ್ಟಿದೆ. ಹೆಂಡತಿ ಸೊಣ್ಣಮ್ಮನಿಗೆ ಹೇಳಿಲ್ಲ. ಅವಳಿಗೆ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆ ಇಲ್ಲಿ ಬರೆದಿದ್ದೇನೆ.

ಸೆಪ್ಟೆಂಬರ್ 5, ಶುಕ್ರವಾರ

ದಿನಕ್ಕೆ ಮುಕ್ಕಾಲು ಲೀಟರು ನೀರು. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಅದರಲ್ಲೇ. ಸೊಣ್ಣಮ್ಮ ಬೆಳಗ್ಗೆ ಬಾಟಲಿಗೆ ಅಳೆದು ಹಾಕಿ ಕಿಟಕಿಯಲ್ಲಿ ಇಡುತ್ತಾಳೆ. ಮಧ್ಯಾಹ್ನ ಎರಡಕ್ಕೇ ಬಾಟಲಿ ಖಾಲಿ. ಎದುರು ಮನೆಯವರು ಬಾಗಿಲಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದರು. ಒಳಗೆ ಬಂದು ಕುಳಿತೆ.

ಸೆಪ್ಟೆಂಬರ್ 13, ಶನಿವಾರ

ಯಂತ್ರ ನೋಡಿಕೊಳ್ಳುವವನು ವಿರೂಪಾಕ್ಷ. ಗದಗದ ಕಡೆಯವನು, ಮೂವತ್ತು ವರ್ಷವಿರಬಹುದು. ಸೂಜಿ ಚುಚ್ಚುವುದರಲ್ಲಿ ಗಟ್ಟಿಗ, ಮಾತಿನಲ್ಲಿ ಇನ್ನೂ ಗಟ್ಟಿಗ. ತೂಕ ನೋಡಿ, "ಯಜಮಾನ್ರ, ಮೂರು ಕೆಜಿ ನೀರ ಹೊತ್ಕೊಂಡ ಬಂದೀರಲ್ರಿ. ಪುಟ್ಟೇನಹಳ್ಳಿ ಕೆರಿ ಕುಡದ ಬಂದೀರೇನ?" ಎಂದ. ಸುತ್ತಲಿನ ಹಾಸಿಗೆಯವರು ನಕ್ಕರು. ನಾನು ನಗಲಿಲ್ಲ.

ಹತ್ತು ಗಂಟೆಗೆ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಎರಡು ಕೊಟ್ಟರು. ಡಯಾಲಿಸಿಸ್‌ನವರು ಮಾಂಸಖಂಡ ಉಳಿಸಿಕೊಳ್ಳಬೇಕಾದರೆ ಅದು ತಿನ್ನಲೇಬೇಕಂತೆ. ಶನಿವಾರ ನಾನು ಮೊಟ್ಟೆ ಮುಟ್ಟುವವನಲ್ಲ. ಮುನಿಆಂಜಿನಪ್ಪ ಎಂದು ಹೆಸರಿಟ್ಟುಕೊಂಡು ಶನಿವಾರ ಮೊಟ್ಟೆ ತಿಂದರೆ ಆ ಹೆಸರಿಟ್ಟ ನನ್ನ ಅಜ್ಜಿ ಎದ್ದು ಬರುತ್ತಾಳೆ. ತಟ್ಟೆ ಹಾಗೇ ವಾಪಸು ಹೋಯಿತು. ಮಾಲು 54.1.

ಸೆಪ್ಟೆಂಬರ್ 24, ಬುಧವಾರ

ರಕ್ತದಲ್ಲಿ ಪೊಟ್ಯಾಷಿಯಂ ಸ್ವಲ್ಪ ಜಾಸ್ತಿ ಇದೆಯೆಂದು ನಿನ್ನೆ ತೇಜಸ್ವಿನಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಠ ಮಾಡಿದಳು. ಎಳನೀರು, ಬಾಳೆಹಣ್ಣು, ಬೆಲ್ಲ ಪೂರ್ತಿ ಬಂದ್. ಸೊಪ್ಪು, ತರಕಾರಿ, ಕಾಳು ತಿನ್ನಬಹುದು, ಆದರೆ ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ನೀರು ಬಸಿದು ಆಮೇಲೆ ತಿನ್ನಬೇಕು. ಪೊಟ್ಯಾಷಿಯಂ ಎಲ್ಲ ಆ ನೀರಿಗೆ ಇಳಿದುಹೋಗುತ್ತದೆ. ಅದು ಹೆಚ್ಚಾದರೆ ಎದೆ ಬಡಿತ ನಿಂತುಹೋಗಬಹುದು.

ಸೊಣ್ಣಮ್ಮ ಗಮನವಿಟ್ಟು ಕೇಳಿದಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನನ್ನ ಒಂದು ಮಾತನ್ನೂ ಅಷ್ಟು ಗಮನವಿಟ್ಟು ಕೇಳಿದ್ದು ನಾನು ಕಾಣೆ.

ಇವತ್ತು ಆ ಪ್ರಕಾರ ಹುರುಳಿಕಾಯಿ ಪಲ್ಯ. ಉಪ್ಪೂ ಇಲ್ಲ, ರುಚಿಯೂ ಇಲ್ಲ. ಒದ್ದೆ ಬಟ್ಟೆ ಅಗಿದ ಹಾಗಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ರೋಗ ಬಂದವನಿಗೆ ಊಟವಿಲ್ಲ ಎಂದು ಮುಂದೆ ಸೇರಿಸಬೇಕಿತ್ತು.

ಅಕ್ಟೋಬರ್ 2, ಗುರುವಾರ

53.2. ಎರಡು ತುತ್ತಿಗೇ ಎದ್ದುಬಿಡುತ್ತೇನೆ. ಸೊಣ್ಣಮ್ಮ ತಟ್ಟೆ ನೋಡುತ್ತಾಳೆ.

ಅಕ್ಟೋಬರ್ 8, ಬುಧವಾರ

ಇವತ್ತು ಉಂಡೆ. ನಿಜವಾಗಿ ಉಂಡೆ.

ಮಧ್ಯಾಹ್ನ ಮಲಗಿದ್ದವನಿಗೆ ಬೆಳ್ಳುಳ್ಳಿ, ಜೀರಿಗೆ ಅರೆದ ವಾಸನೆ ಬಂತು. ಎದ್ದು ಅಡುಗೆಮನೆಗೆ ಹೋದರೆ ಸೊಣ್ಣಮ್ಮ ಬಸ್ಸಾರು ಮಾಡಿದ್ದಾಳೆ. ದಂಟಿನ ಸೊಪ್ಪು, ಹೆಸರುಕಾಳು. ಆಸ್ಪತ್ರೆಯಲ್ಲಿ ತೇಜಸ್ವಿನಿ ಹೇಳಿದ ಹಾಗೆಯೇ ಬೇಯಿಸಿ ನೀರು ಬಸಿದಿದ್ದಾಳೆ. ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ, ಬಸಿದ ನೀರಿಗೆ ಖಾರ ಅರೆದು ಹಾಕಿ ಸಾರು. "ಇಷ್ಟು ದಿನ ನಂಗೇ ಒಳೀಲಿಲ್ಲ ನೋಡಿ. ಆ ಮಗು ಯೋಳಿದ್ದು ಇದೇ ಅಲ್ವಾ, ನಮ್ಮ ಮನೇಲಿ ಮಾಡೋದೇ ಇದು" ಎಂದಳು. ಒಂದು ಸಣ್ಣ ಮುದ್ದೆ, ಒಂದು ಬಟ್ಟಲು ಸಾರು. ಉಪ್ಪು ಕಡಿಮೆ ಇದ್ದದ್ದು ಗೊತ್ತೇ ಆಗಲಿಲ್ಲ.

ಎದುರು ಕುಳಿತು ನನ್ನ ತುತ್ತು ಎಣಿಸಿದಳು. "ಲಾಭ, ಎರಡು, ಮೂರು..." ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವ ಪದ್ಧತಿ ನಮ್ಮಲ್ಲಿಲ್ಲ, ಲಾಭ ಅನ್ನಬೇಕು. ಯಾರ್ಡಿನಲ್ಲೂ ಮೊದಲ ಮೂಟೆಗೆ ಹಾಗೇ ಕೂಗುತ್ತಿದ್ದೆವು. ಹದಿನಾಲ್ಕರವರೆಗೆ ಹೋದಳು. "ನಾನೇನು ರಾಗಿ ಕಣಜಾನಾ?" ಎಂದು ರೇಗಿದೆ. ಅವಳಿಗೆ ಖುಷಿಯಾಗಿತ್ತು, ರೇಗಿದ್ದು ಕಿವಿಗೆ ಬೀಳಲಿಲ್ಲ.

ಆಸ್ಪತ್ರೆಯ ನೋಟ್‌ಬುಕ್ಕಿನಲ್ಲಿ ಬರೆದೆ: ಬೇಯಿಸಿ ನೀರು ಬಸಿದ ಸೊಪ್ಪು. ಸಾರು ಒಂದು ಬಟ್ಟಲು. ಎಲ್ಲ ನಿಜ.

ಅಕ್ಟೋಬರ್ 18, ಶನಿವಾರ

54.0. ಏರಿದೆ. ವಿರೂಪಾಕ್ಷ ಭುಜ ತಟ್ಟಿ, "ಏನ್ರಿ, ಮನ್ಯಾಗ ಹಬ್ಬ ಸುರು ಆತೇನ?" ಎಂದ. ಈಗ ಒಂದು ದಿನ ಬಿಟ್ಟು ಒಂದು ದಿನ ಬಸ್ಸಾರು. ಒಮ್ಮೆ ಹರಿವೆ ಸೊಪ್ಪು, ಒಮ್ಮೆ ಅಲಸಂದೆ.

ಅಕ್ಟೋಬರ್ 24, ಶುಕ್ರವಾರ

ಕಾಲು ಸೋಲುತ್ತಿದೆ. ಮೂರು ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ನಿಂತುಕೊಂಡೆ. ತುಟಿಯ ಸುತ್ತ ಜುಮ್ಮೆನ್ನುತ್ತದೆ. ಹಬ್ಬದ ಓಡಾಟ ಎಂದುಕೊಂಡೆ. ನಾನು ಯಾವ ಓಡಾಟ ಮಾಡಿದ್ದೆನೋ.

ಅಕ್ಟೋಬರ್ 31, ಶುಕ್ರವಾರ

ಸೋಮವಾರ ಬೆಳಗ್ಗೆ ಬಚ್ಚಲಿನಿಂದ ಬರುತ್ತಾ ಬಿದ್ದೆ. ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಎದೆ ಒಂದು ಸಲ ಹೊಡೆದರೆ ಇನ್ನೊಂದು ಸಲಕ್ಕೆ ಕಾಯಬೇಕಾಗಿತ್ತು. ಮಗಳು ರಾಣಿ, ಅಳಿಯ ಅಬ್ಬಿಗೆರೆಯಿಂದ ಕಾರಿನಲ್ಲಿ ಬಂದರು. ಆಸ್ಪತ್ರೆಯಲ್ಲಿ ಪೊಟ್ಯಾಷಿಯಂ 7.2. ಇಂಜೆಕ್ಷನ್ ಕೊಟ್ಟು ಕೂಡಲೇ ಯಂತ್ರಕ್ಕೆ ಹಾಕಿದರು. ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಮೂರು ದಿನ ಅಲ್ಲೇ ಇಟ್ಟುಕೊಂಡರು, ನಿನ್ನೆ ಸಂಜೆ ಬಿಟ್ಟರು.

ಮಲಗಿದ್ದಾಗ ಒಂದು ಯೋಚನೆ ಬಂತು. ನಾನು ಹೇಗೂ ನಿಲ್ಲಿಸಬೇಕೆಂದೇ ಇದ್ದವನು, ತಾನಾಗಿ ನಿಲ್ಲುವುದಿತ್ತು, ಯಾಕೆ ಅಷ್ಟು ಹೆದರಿದೆ? ಐವತ್ತಕ್ಕೆ ಇನ್ನೂ ಬಂದಿರಲಿಲ್ಲ, ಅದಕ್ಕೇ ಇರಬೇಕು.

ನವೆಂಬರ್ 4, ಮಂಗಳವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ತೇಜಸ್ವಿನಿ ಯಂತ್ರದ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕುಳಿತು, ನನ್ನ ನೋಟ್‌ಬುಕ್ ಒಂದೊಂದೇ ಸಾಲು ಓದಿದಳು. ಬಾಳೆಹಣ್ಣಿಲ್ಲ, ಎಳನೀರಿಲ್ಲ, ಸೊಪ್ಪು ಬಸಿದೇ ಇದೆ. ಎಲ್ಲಿಂದ ಬಂತು ಅಷ್ಟು ಪೊಟ್ಯಾಷಿಯಂ ಎಂದು ಅವಳಿಗೂ ತಿಳಿಯಲಿಲ್ಲ. ಕೊನೆಗೆ, "ಈ ಸಾರು ಏನ್ ಹಾಕಿ ಮಾಡ್ತೀರ ಅಮ್ಮ?" ಎಂದು ಸೊಣ್ಣಮ್ಮನನ್ನು ಕೇಳಿದಳು.

ಸೊಣ್ಣಮ್ಮ ಹುರುಪಿನಿಂದ ಹೇಳಿದಳು. ಸೊಪ್ಪು ಎಷ್ಟು ನೀರಿನಲ್ಲಿ ಬೇಯಿಸುತ್ತಾಳೆ, ಹೇಗೆ ಒಂದು ಹನಿಯೂ ಉಳಿಯದ ಹಾಗೆ ಹಿಂಡಿ ಬಸಿಯುತ್ತಾಳೆ, ಆ ನೀರನ್ನು ಹೇಗೆ ಸಾರಿಗೆ ಹಾಕುತ್ತಾಳೆ. ತೇಜಸ್ವಿನಿ ಪೆನ್ನು ಕೆಳಗಿಟ್ಟಳು.

"ಅಮ್ಮ, ಆ ನೀರನ್ನ ಚೆಲ್ಲಬೇಕಿತ್ತು. ಪೊಟ್ಯಾಷಿಯಂ ಇರೋದೇ ಅದ್ರಲ್ಲಿ."

"ಬಸ್ದಿದ್ ನೀರು ಯಾರಾದ್ರೂ ಚೆಲ್ತಾರಾ ಮಗಾ?" ಸೊಣ್ಣಮ್ಮ ಕೇಳಿದಳು. ಅದು ಎದುರು ಮಾತಲ್ಲ. ನಿಜವಾಗಿಯೂ ಕೇಳಿದಳು. ನಮ್ಮ ಮನೆಗಳಲ್ಲಿ ಸೊಪ್ಪು ಬೇಯಿಸುವುದೇ ಆ ನೀರಿಗಾಗಿ. ಅವಳ ಅಮ್ಮ ಚೆಲ್ಲಿಲ್ಲ, ನನ್ನ ಅಮ್ಮ ಚೆಲ್ಲಿಲ್ಲ. ಚೆಲ್ಲುವವಳನ್ನು ಸೊಸೆಯಾಗಿ ತಂದಿದ್ದರೆ ಊರಲ್ಲಿ ಮಾತಾಡಿಕೊಳ್ಳುತ್ತಿದ್ದರು.

ತೇಜಸ್ವಿನಿ ಬೈಯಲಿಲ್ಲ. "ತಪ್ಪು ನಂದೇ ಅಮ್ಮ, ನಾನು ಬಿಡಿಸಿ ಹೇಳ್ಬೇಕಿತ್ತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಮನೆಯ ಗೇಟಿನ ಹತ್ತಿರ ಆಟೋ ಇಳಿದು ಸೊಣ್ಣಮ್ಮ, "ನನ್ನ ಕೈಯಾರ ನಾನೇ ವಿಷ ಆಕ್ದೆ" ಎಂದಳು.

ಈಗ ಹಿಂದಿನ ಪುಟ ತಿರುಗಿಸಿ ನೋಡಿದೆ. ಸೆಪ್ಟೆಂಬರ್ 24. ಪೊಟ್ಯಾಷಿಯಂ ಎಲ್ಲ ಆ ನೀರಿಗೆ ಇಳಿದುಹೋಗುತ್ತದೆ ಎಂದು ನನ್ನ ಕೈಬರಹದಲ್ಲೇ ಇದೆ. ಓದಲು ಬಾರದವಳು ಅಡುಗೆ ಮಾಡಿದಳು. ಓದಲು ಬರುವವನು ಬರೆದೂ ಕುಡಿದ, ಇನ್ನೊಂದು ಸೌಟು ಹಾಕು ಎಂದ. ಹೊರಗಿನಿಂದಲೇ ಚೀಲ ಮುಟ್ಟಿ ಮಾಲು ಹಸಿ ಎಂದು ಹೇಳುತ್ತಿದ್ದ ದೊಡ್ಡ ಮನುಷ್ಯ ನಾನು.

ಇದನ್ನು ಅವಳಿಗೆ ಹೇಳಬೇಕು. ಹೇಳಲಿಲ್ಲ.

ನವೆಂಬರ್ 11, ಮಂಗಳವಾರ

52.0. ಆಸ್ಪತ್ರೆಯ ಮೂರು ದಿನ ತಿಂದುಕೊಂಡು ಹೋಗಿವೆ.

ಸೊಣ್ಣಮ್ಮ ಈಗ ಅಳತೆ ತಪ್ಪದೆ ಮಾಡುತ್ತಾಳೆ. ಬೇಯಿಸುತ್ತಾಳೆ, ಬಸಿಯುತ್ತಾಳೆ, ನೀರನ್ನು ಹಿತ್ತಲ ಮೋರಿಗೆ ಸುರಿದು ಬರುತ್ತಾಳೆ. ಅನ್ನ, ಸಪ್ಪೆ ಪಲ್ಯ. ತಾನೂ ಅದನ್ನೇ ತಿನ್ನುತ್ತಾಳೆ. "ನಿಂಗೆ ಏನಾಗಿದೆ, ನೀನು ಸರಿಯಾಗಿ ಮಾಡ್ಕೊಂಡು ತಿನ್ನು" ಎಂದರೆ ಕೇಳುವುದಿಲ್ಲ. ತುತ್ತು ಎಣಿಸುವುದನ್ನೂ ನಿಲ್ಲಿಸಿದ್ದಾಳೆ. ಎಣಿಸುವುದು ನನಗೇನೂ ಇಷ್ಟವಿರಲಿಲ್ಲ.

ನವೆಂಬರ್ 15, ಶನಿವಾರ

51.5. ಇನ್ನು ಒಂದೂವರೆ.

ನವೆಂಬರ್ 18, ಮಂಗಳವಾರ

ಸುಸ್ತು.

ನವೆಂಬರ್ 23, ಭಾನುವಾರ

ಶಿವಪುತ್ರ ಬಂದಿದ್ದ. ಯಾರ್ಡಿನಲ್ಲಿ ಇಪ್ಪತ್ತು ವರ್ಷ ನನ್ನ ತಕ್ಕಡಿಗೆ ಮೂಟೆ ಎತ್ತಿಟ್ಟವನು, ಬಾಗಲಕೋಟೆಯವನು. ಹಣ್ಣು ತರಬಾರದೆಂದು ಯಾರೋ ಹೇಳಿದ್ದರಂತೆ, ಬರಿಗೈಯಲ್ಲಿ ಬಂದು ಅದಕ್ಕೇ ನಾಚಿಕೊಂಡ. ನನ್ನನ್ನು ನೋಡಿದ ಕೂಡಲೇ ಅವನ ಮುಖ ಇಳಿಯಿತು. ಆಮೇಲೆ ಸರಿಮಾಡಿಕೊಂಡ. ಅದನ್ನು ನಾನು ನೋಡಲಿಲ್ಲವೆಂದು ಅವನು ತಿಳಿದುಕೊಂಡಿದ್ದಾನೆ.

ಹಳೆಯ ಮಾತೆಲ್ಲ ಆದ ಮೇಲೆ ಸುಮ್ಮನೆ ಕೇಳಿದೆ. "ಐವತ್ತು ತುಂಬದೆ ಇದ್ದ ಮೂಟೇನ ಪಕ್ಕಕ್ಕೆ ಇಡ್ತಿದ್ವಲ್ಲ, ಜ್ಞಾಪಕ ಇದೆಯಾ ಶಿವಪುತ್ರ?"

"ಇಲ್ಲದೇನ್ರಿ. ನಾನ ಎತ್ತಿ ಇಡತಿದ್ದೆ."

"ಪಕ್ಕಕ್ಕಿಟ್ಟ ಮೇಲೆ ಮುಗೀತು, ಅಲ್ವಾ?"

"ಹೆಂಗ ಮುಗೀತದರಿ?" ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಸಂಜೀಮುಂದ ಉದುರಿದ ಮಾಲು ಬಳದು ಅದಕ್ಕ ಸುರುವಿ, ಬಾಯಿ ಹೊಲದು, ಮತ್ತ ತಕ್ಕಡಿಗೆ ಇಡತಿದ್ದಿವಿ. ತುಂಬಲಿಲ್ಲಂದ್ರ ಇದ್ದಷ್ಟ ತೂಕಕ್ಕ ಹೋಗತಿತ್ತು. ಕಡಿಮಿ ಬಿತ್ತಂತ ಹೊರಗ ಒಗದದ್ದು ಒಂದು ಚೀಲಾನೂ ನೆನಪಿಲ್ಲ ನನಗ. ನಿಮಗ ಐತೇನ್ರಿ?"

ನನಗೂ ಇಲ್ಲ. ಆದರೆ ಹೇಳಲಿಲ್ಲ. ಮೂಟೆ ಎತ್ತುವವನಿಗೆ ತೂಕದ ನಿಯಮ ಏನು ಗೊತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅವನು ಹೋದ ಮೇಲೂ ಸುಮಾರು ಹೊತ್ತು ಸಿಟ್ಟು ಇಳಿಯಲಿಲ್ಲ.

ಡಿಸೆಂಬರ್ 1, ಸೋಮವಾರ

ಹಿತ್ತಲಿನಲ್ಲಿ ಸೊಣ್ಣಮ್ಮ ಅಳುತ್ತಿದ್ದಳು. ಬಸಿದ ನೀರಿನ ಪಾತ್ರೆ ಹಿಡಿದು ಮೋರಿಯ ಹತ್ತಿರ ನಿಂತು, ಸುರಿಯದೆ ಅಳುತ್ತಿದ್ದಳು. ನಾನು ಕಿಟಕಿಯಿಂದ ನೋಡಿದೆ. ಎರಡೂ ಕೈಯ ಬಳೆ ಮೊಣಕೈಯ ಹತ್ತಿರಕ್ಕೆ ಜಾರಿದ್ದವು. ಅವಳು ಯಾವಾಗ ಇಷ್ಟು ಸೊರಗಿದಳು? ವಾರಕ್ಕೆ ಮೂರು ಸಲ ನನ್ನ ತೂಕ ನೂರು ಗ್ರಾಂ ತಪ್ಪದೆ ಬರೆದಿದ್ದೇನೆ. ಮನೆಯಲ್ಲಿ ಇನ್ನೊಂದು ಜೀವ ಇಳಿಯುತ್ತಿದ್ದದ್ದು ಕಾಣಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಹೊರಗೆ ಹೋಗಿ ಪಾತ್ರೆ ಕಸಿದುಕೊಂಡು ನಾನೇ ಸುರಿದೆ. "ವಿಷ ಹಾಕಿದ್ದು ನೀನಲ್ಲ ಕಣೇ. ನೀರಲ್ಲಿ ಇಳಿಯುತ್ತೆ ಅಂತ ಆ ಹುಡುಗಿ ಹೇಳಿದ್ದನ್ನ ನಾನು ಬರ್ಕೊಂಡಿದ್ದೆ. ಬರ್ಕೊಂಡೂ ಕುಡ್ದೆ. ನನ್ನದೂ ತಪ್ಪೇ" ಎಂದೆ. ಇಪ್ಪತ್ತೇಳು ದಿನ ತಡವಾಗಿ ಹೇಳಿದೆ.

"ಬರ್ಕೊಂಡಿದ್ರಾ?" ಎಂದಳು. ಕಣ್ಣೊರೆಸಿಕೊಂಡಳು. "ಓದ್ದೋನು ನೀವು. ಅಂಗಾದ್ರೆ ನಿಮ್ದೇ ಜಾಸ್ತಿ ತಪ್ಪು."

"ಆಯ್ತು, ನಂದೇ ಜಾಸ್ತಿ."

ಬಹಳ ದಿನದ ಮೇಲೆ ನನ್ನನ್ನು ಬೈದಳು. ಕೇಳುವುದಕ್ಕೆ ಹಿತವಾಗಿತ್ತು.

ಡಿಸೆಂಬರ್ 4, ಗುರುವಾರ

50.7. ತೇಜಸ್ವಿನಿಯನ್ನು ನಾನೇ ಕರೆಸಿದೆ. "ಬಸಿದ ಸೊಪ್ಪಿಗೆ ರುಚಿ ಬರೋ ಹಾಗೆ ಏನಾದ್ರೂ ಇದ್ರೆ ಹೇಳಮ್ಮ, ಮನೇಲಿ ಅವಳೂ ಇದನ್ನೇ ತಿಂದು ಸೊರಗಿದಾಳೆ" ಎಂದೆ. ಹುಡುಗಿ ಖುಷಿಯಿಂದ ಒಂದು ಪಟ್ಟಿ ಬರೆದುಕೊಟ್ಟಳು. ಬೆಳ್ಳುಳ್ಳಿ ಸುಟ್ಟು ಹಾಕಬಹುದು, ಮೆಣಸು, ಜೀರಿಗೆ, ಸಾಸಿವೆ, ಎರಡು ಹನಿ ನಿಂಬೆ. ಮೊಟ್ಟೆಯ ಬಿಳಿ ಭಾಗಕ್ಕೆ ಈರುಳ್ಳಿ ಮೆಣಸು ಹಾಕಿ ಪಲ್ಯ. ಸೊಣ್ಣಮ್ಮನಿಗಾಗಿ ಕೇಳಿದ್ದು, ನನಗಾಗಿ ಅಲ್ಲ.

ಸಂಜೆ ಅಡುಗೆಮನೆಯಲ್ಲಿ ನಾನು ಪಟ್ಟಿ ಓದಿದೆ, ಅವಳು ಮಾಡಿದಳು. "ಅದೆಷ್ಟು ಸಲ ಓದ್ತೀರ, ನಂಗೇನು ಕಿವುಡಾ?" ಎಂದಳು. ಪ್ರತಿ ಸಾಲನ್ನೂ ಎರಡು ಸಲ ಓದಿದೆ. ಬರೆದದ್ದನ್ನು ಓದುವ ಕೆಲಸವನ್ನು ಇನ್ನು ಸರಿಯಾಗಿ ಮಾಡಬೇಕು.

ಡಿಸೆಂಬರ್ 13, ಶನಿವಾರ

50.4. ಸುಟ್ಟ ಬೆಳ್ಳುಳ್ಳಿ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಮೊಟ್ಟೆ ಎರಡೂ ಮುಗಿದವು. ಇವತ್ತು ಶನಿವಾರವೆಂದು ತಿಂದ ಮೇಲೆ ಜ್ಞಾಪಕ ಬಂತು. ಬರುತ್ತಾ ದೇವಸ್ಥಾನದ ಎದುರು ಆಟೋ ನಿಲ್ಲಿಸಿ, ಒಳಗಿಂದಲೇ ಕೈಮುಗಿದು ತಪ್ಪಾಯಿತೆಂದೆ. ಬೆಟ್ಟವನ್ನೇ ಹೊತ್ತು ಔಷಧಿ ತಂದವನಿಗೆ ಇಷ್ಟು ಅರ್ಥವಾಗದೆ ಇರುತ್ತದೆಯೇ?

ಡಿಸೆಂಬರ್ 21, ಭಾನುವಾರ

ಬೀದಿಯ ತುಂಬ ಸೊಗಡವರೆ. ತಳ್ಳುಗಾಡಿಯವನು ನಮ್ಮ ಗೇಟಿನ ಎದುರೇ ನಿಂತು ಕೂಗುತ್ತಾನೆ. ಪ್ರತಿ ಚಳಿಗಾಲ ಸೊಣ್ಣಮ್ಮ ಐದು ಕೆಜಿ ತಂದು ಜಗಲಿಯಲ್ಲಿ ಸುರಿದು ಸುಲಿಯುತ್ತಿದ್ದಳು. ಈ ಸಲ ಅವನು ಕೂಗಿದರೆ ಬಾಗಿಲು ಹಾಕುತ್ತಾಳೆ.

ಇವತ್ತು ನಾನೇ ಹೋಗಿ ಎರಡು ಕೆಜಿ ತೂಕ ಮಾಡಿಸಿದೆ. ಅವನ ತಕ್ಕಡಿ ಐವತ್ತು ಗ್ರಾಂ ಮೋಸ. ಹೇಳಿ ಸರಿ ಮಾಡಿಸಿಕೊಂಡೆ. ಸೊಣ್ಣಮ್ಮ ನೋಡಿ ಗಾಬರಿಯಾದಳು.

"ನಿಂಗೆ. ನಂಗಲ್ಲ. ಸಾರು ಮಾಡ್ಕೊಂಡು ಉಣ್ಣು, ನಾನು ಎದುರಿಗೆ ಕೂತಿರ್ತೀನಿ."

"ನಿಮ್ಮ ಮುಂದೆ ನಾನೊಬ್ಳೇ ಉಂಡ್ರೆ ನಂಗೆ ಗಂಟ್ಲಲ್ಲಿ ಇಳಿಯುತ್ತಾ?"

"ನೀನು ಉಣ್ಣದೆ ಇದ್ರೆ ನಂದೂ ಇಳಿಯಲ್ಲ. ಅದೂ ಹೇಳ್ಬೇಕಾ?"

ಇಬ್ಬರೂ ಕುಳಿತು ಸುಲಿದೆವು. ಕೈಗೆಲ್ಲ ಸೊಗಡು. ಅವಳು ಮುದ್ದೆ ಮುರಿದು ಅವರೆಕಾಳಿನ ಸಾರಿಗೆ ಅದ್ದಿದಳು. ನಾನು ಎಣಿಸಿದೆ. ಲಾಭ, ಎರಡು, ಮೂರು. ಒಂಬತ್ತರವರೆಗೆ ಹೋದಳು, ನಗು ಬಂದು ನಿಲ್ಲಿಸಿದಳು. ಅಷ್ಟರಲ್ಲಿ ನನ್ನ ತಟ್ಟೆಯೂ ಖಾಲಿಯಾಗಿತ್ತು. ಏನು ತಿಂದೆ ಎಂದು ಜ್ಞಾಪಕವಿಲ್ಲ. ಆಸ್ಪತ್ರೆಯ ನೋಟ್‌ಬುಕ್ಕಿಗೆ ಅವಳನ್ನು ಕೇಳಿ ಬರೆದೆ.

ಡಿಸೆಂಬರ್ 30, ಮಂಗಳವಾರ

ನಾಲ್ಕು ದಿನ ಜ್ವರ. ಇಳಿಸಿದ್ದೆಲ್ಲ ವಾಂತಿ. ಸೊಣ್ಣಮ್ಮ ಗಂಜಿಯನ್ನು ಚಮಚದಲ್ಲಿ ಕೊಟ್ಟಳು. 50.0. ಸರಿಯಾಗಿ ಒಂದು ಮೂಟೆ. ಗುರುವಾರ ಏನಾಗುತ್ತದೆಂದು ಲೆಕ್ಕ ಹಾಕಲು ಪೆನ್ನು ಬೇಕಾಗಿಲ್ಲ.

ಜನವರಿ 1, ಗುರುವಾರ

ಇವತ್ತು ಬರುವ ಮುಂಚೆ ತಲೆ ಸುತ್ತಿತೆಂದು ಹೇಳಿದೆ. ವಿರೂಪಾಕ್ಷ ಗಾಲಿಕುರ್ಚಿಯಲ್ಲೇ ಆಟೋವರೆಗೆ ಬಿಟ್ಟ. ಎರಡನೇ ತೂಕ ಆಗಲಿಲ್ಲ. ತಲೆ ಸ್ವಲ್ಪ ಸುತ್ತಿದ್ದು ನಿಜ.

ಜನವರಿ 3, ಶನಿವಾರ

ಬೆಳಗ್ಗೆ ಮಂಜು, ಹೆಬ್ಬಾಳದ ಕಡೆಯ ಕಟ್ಟಡಗಳು ಒಂದೂ ಕಾಣುತ್ತಿರಲಿಲ್ಲ. ಸೊಣ್ಣಮ್ಮ ದಪ್ಪ ಸ್ವೆಟರ್ ಹಾಕಿ ಕಳಿಸಿದಳು, ರಾಣಿ ಹೋದ ವರ್ಷ ಕೊಡಿಸಿದ್ದು. ಆಗ ಬಿಗಿಯಾಗಿತ್ತು. ಈಗ ಅದರೊಳಗೆ ಇನ್ನೊಬ್ಬ ಹಿಡಿಸುತ್ತಾನೆ.

ನಾಲ್ಕು ಗಂಟೆ ಮುಗಿಯಿತು. ಮೊಟ್ಟೆ ತಿಂದೆ. ಸೂಜಿ ತೆಗೆದು ಹತ್ತಿ ಅಂಟಿಸಿ ವಿರೂಪಾಕ್ಷ, "ಬರ್ರಿ ಯಜಮಾನ್ರ, ತೂಕ" ಎಂದ. ಎಂದಿನಂತೆ ಚಪ್ಪಲಿ ಬಿಟ್ಟೆ. ಸ್ವೆಟರ್ ಬಿಡಲಿಲ್ಲ. ಅದರ ಜೇಬಿನಲ್ಲಿ ಮನೆಯ ಬೀಗದ ಕೈ ಗೊಂಚಲಿತ್ತು. ಸೊಣ್ಣಮ್ಮ ಕೊಟ್ಟ ಸ್ಟೀಲ್ ಡಬ್ಬಿಯೂ ಇನ್ನೊಂದು ಜೇಬಿನಲ್ಲಿತ್ತು. ಹತ್ತಿ ನಿಂತೆ. ಕಣ್ಣು ಮುಚ್ಚಿಕೊಂಡಿದ್ದೆ ಎಂದು ಕಾಣುತ್ತದೆ, ಅಂಕಿಯನ್ನು ಅವನೇ ಓದಿದ.

"ಐವತ್ತು ಪಾಯಿಂಟ್ ಮೂರು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸ್ವೆಟರ್ ಹಂಗ ಐತಲ್ರಿ ಮೈ ಮ್ಯಾಲ. ಎಷ್ಟ ಕಳೀಲಿ?"

ಮೂವತ್ತೊಂದು ವರ್ಷದಲ್ಲಿ ಖಾಲಿ ಚೀಲದ ತೂಕ ಕಳೆಯದೆ ನಾನು ಒಂದು ಮೂಟೆಯನ್ನೂ ಬಿಟ್ಟವನಲ್ಲ. ಅದಕ್ಕಾಗಿ ವ್ಯಾಪಾರಿಗಳ ಜೊತೆ ಜಗಳವಾಡಿದ್ದೇನೆ, ಒಂದು ಸಲ ಏಟೂ ತಿಂದಿದ್ದೇನೆ.

"ಚಳಿ ಕಣಪ್ಪ" ಎಂದೆ. "ಇವತ್ತು ಒಂದಿನ ಏನೂ ಕಳೀಬೇಡ."

ವಿರೂಪಾಕ್ಷ ಜೇಬಿನಿಂದ ಪೆನ್ನು ತೆಗೆದ. "ಹಂಗಾರ ಸ್ವೆಟರ್ ಸಹಿತ ಅಂತ ಬರಕೋತೀನ್ರಿ, ನಿಮ್ಮ ಬುಕ್ಕಿನ್ಯಾಗ ನೀವ ಏನರ ಬರಕೋರಿ" ಎಂದು ಕೈ ಹಿಡಿದು ಇಳಿಸಿದ.

ಮನೆಗೆ ಬಂದಾಗ ಸೊಣ್ಣಮ್ಮ ಗೇಟಿನಲ್ಲೇ ನಿಂತಿದ್ದಳು. "ಎಷ್ಟು?" ಎಂದಳು. "ಐವತ್ತರ ಮೇಲಿದೆ" ಎಂದೆ. ಐವತ್ತು ಎಂದರೆ ನನಗೇನೆಂದು ಅವಳಿಗೆ ಗೊತ್ತಿಲ್ಲ. "ಅಂಗಾದ್ರೆ ಇಳ್ದಿಲ್ಲ" ಎಂದು ಒಳಗೆ ಹೋಗಿ ತಟ್ಟೆ ಇಟ್ಟಳು.

ಈಗ ಈ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ನೋಡಿದೆ. ಐವತ್ತಕ್ಕಿಂತ ಕೆಳಗೆ ಇಳಿದ ದಿನ ಎಂದಷ್ಟೇ ಇದೆ. ಬಟ್ಟೆ, ಬೀಗದ ಕೈ, ಊಟದ ಡಬ್ಬಿ ಕಳೆಯಬೇಕೋ ಬೇಡವೋ ಎಂದು ಬರೆದಿಲ್ಲ. ಬರೆಯದೆ ಇರುವುದನ್ನು ಈಗ ಸೇರಿಸುವುದು ನ್ಯಾಯವಲ್ಲ.

ಮಂಗಳವಾರವೂ ಚಳಿ ಇರುತ್ತದಂತೆ. ಸ್ವೆಟರ್ ಒಗೆಯಲು ಹಾಕಬೇಡ ಎಂದು ಸೊಣ್ಣಮ್ಮನಿಗೆ ಹೇಳಿದ್ದೇನೆ.